ಏಳನೇ ಗಂಟು

ಬಾಳೂರು
13-4-2025

ಚಿ. ಭುವನಾ,

ಇಲ್ಲಿ ನಾನು ಕ್ಷೇಮ, ನಿಮ್ಮ ಅತ್ತೆ ಕ್ಷೇಮ, ಊರಿನಲ್ಲಿ ನನ್ನ ಹೆಸರು ಅದಕ್ಕಿಂತಲೂ ಕ್ಷೇಮ. ಮೊನ್ನೆ ಮೂಡಿಗೆರೆ ಸಂತೆಯಲ್ಲಿ ಗುರುತಿಲ್ಲದವರೊಬ್ಬರು ನನ್ನನ್ನು ನಿಲ್ಲಿಸಿ, “ಕೊಯಮತ್ತೂರಲ್ಲಿ ಕಾಫಿ ರುಚಿ ನೋಡೋ ಕೆಲ್ಸ ಕಲೀತಿದಾಳಲ್ಲ, ಆ ಹುಡುಗಿ ಮಾವ ನೀವೇ ಅಲ್ವಾ?” ಎಂದು ಕೇಳಿದರು. “ಮಾವ ಅನ್ನೋದು ಆಮೇಲೆ ಮಾರಾಯ್ರೆ, ಅವಳ ಮೂಗು ತಯಾರು ಮಾಡಿದವನು ಅನ್ನಿ” ಎಂದೆ. ಅವರು ನನ್ನ ಮೂಗನ್ನೇ ನೋಡುತ್ತ ನಿಂತರು. ಅವರ ಬಸ್ಸು ಹೊರಟುಹೋಯಿತು.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಮ್ಮಲ್ಲಿ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕು. ಹತ್ತಿದರೂ ನೀನು ಮಧ್ಯೆ ಬಾಯಿ ಹಾಕುತ್ತೀಯ. ನನ್ನ ಮಾತು ಕೊನೆಯವರೆಗೆ ಹೋಗಬೇಕಾದರೆ ಕಾಗದವೇ ಸರಿ. ಅಲ್ಲದೆ ಫೋನಿನಲ್ಲಿ ಚಿಗಳಿ ಕಳಿಸಲು ಬರುವುದಿಲ್ಲ.

ಹೌದು ಕಣೇ, ಚಿಗಳಿ. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಒಣಮೆಣಸು, ಎಲ್ಲವನ್ನೂ ನಾನೇ ಒರಳಿನಲ್ಲಿ ಕುಟ್ಟಿ, ನೀನು ಎರಡನೇ ಕ್ಲಾಸಿನಲ್ಲಿ ಚೀಪುತ್ತಿದ್ದ ಹಾಗೇ ಕಡ್ಡಿಗೆ ಚುಚ್ಚಿದ್ದೇನೆ. ಇಪ್ಪತ್ತು ಕಡ್ಡಿ. ನಿಮ್ಮ ಅತ್ತೆ ಮೂಸಿ ನೋಡಿ ಜೀರಿಗೆ ಘಮ ಚೆನ್ನಾಗಿ ಬಂದಿದೆ ಎಂದಳು. ಜೊತೆಗೆ ಹಲಸಿನ ಹಪ್ಪಳ, ಕಿತ್ತಳೆ ಪೆಪ್ಪರ್‌ಮಿಂಟು. ಆ ಪೆಪ್ಪರ್‌ಮಿಂಟು ಈಗ ಎಲ್ಲೂ ಸಿಗುವುದಿಲ್ಲ. ಜಾಹಿದನ ಜೀಪಿನಲ್ಲಿ ಕಳಸದಿಂದ ಬಣಕಲ್‌ವರೆಗೆ ಪ್ರತಿ ಅಂಗಡಿಯ ಮುಂದೆ ಇಳಿದು ಕೇಳಿದೆ. “ಏನ್ ಚನ್ನಬಸಣ್ಣ, ಹೆಣ್ಣು ನೋಡೋಕೆ ಹೊರಟಂಗಿದೆ” ಎಂದು ಅವನ ತಮಾಷೆ ಬೇರೆ.

ಆಗಸ್ಟ್ 18ಕ್ಕೆ ನಿನ್ನ ಪರೀಕ್ಷೆ, ಮುಚ್ಚಿದ ಬಟ್ಟಲುಗಳನ್ನು ಮೂಸಿಯೇ ಒಳಗೇನಿದೆ ಹೇಳಬೇಕು ಎಂದು ನಿಮ್ಮಮ್ಮ ಹೇಳಿದಳು. ಬಿದ್ದು ಬಿದ್ದು ನಕ್ಕೆ. ಅದು ನಾವು ಕಾಫಿ ಕಣದಲ್ಲಿ ಆಡುತ್ತಿದ್ದ ಆಟ ಅಲ್ಲವೇ? ಟವೆಲಿನಿಂದ ನಿನ್ನ ಕಣ್ಣು ಕಟ್ಟಿ ಮೂಗಿನ ಕೆಳಗೆ ಏಲಕ್ಕಿ ಹಿಡಿದರೆ ಏಲಕ್ಕಿ, ಮೆಣಸು ಹಿಡಿದರೆ ಮೆಣಸು. ಜಾಹಿದನ ಜೀಪು ಒರೆಸುವ ಬಟ್ಟೆ ಹಿಡಿದರೆ “ಥೂ ಮಾವ”. ಒಂದು ದಿನವೂ ನೀನು ತಪ್ಪಲಿಲ್ಲ. ತಪ್ಪುವುದು ಹೇಗೆ? ಕಲಿಸಿದವನು ಯಾರು? ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಆಗಿದ್ದು, ಸಿಪ್ಪೆ ಬಿಡಿಸಿ ಟ್ಯಾಂಕಿಗೆ ಹಾಕಿದ ಕಾಫಿ ಬೀಜ ಹುದುಗಿ ತೊಳೆಯುವ ಹದಕ್ಕೆ ಬಂತೇ ಇಲ್ಲವೇ ಎಂದು ವಾಸನೆಯಲ್ಲೇ ಹೇಳುತ್ತಿದ್ದವನು. ಒಂದು ಟ್ಯಾಂಕೂ ಹುಳಿದು ಕೆಡಲಿಲ್ಲ. ಮೆಣಸು ಕೊಯ್ಯುವ ಏಣಿಯಿಂದ ಬೆಕ್ಕಿನ ಹಾಗೆ ನೆಲಕ್ಕೆ ಹಾರಿದ ವರ್ಷವೂ ಮೂರನೇ ದಿನಕ್ಕೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಟ್ಯಾಂಕಿನ ಹತ್ತಿರ ಹಾಜರು.

ತಿಂದು ಬರೆ. ಹೊಗಳಿಕೆಯಲ್ಲಿ ಜಿಪುಣತನ ಬೇಡ.

ಇಂತಿ ನಿನ್ನ ಮಾವ
ಚನ್ನಬಸವ


ಕೊಯಮತ್ತೂರು
24-4-2025

ಮಾವನಿಗೆ ನಮಸ್ಕಾರ.

ಪಾರ್ಸೆಲ್ ಬಂತು. ನನ್ನ ರೂಮಿನಲ್ಲಿರುವ ಪವಿತ್ರಾ ಚಿಗಳಿ ನೋಡಿ, ಇದು ಗಾಯಕ್ಕೆ ಹಚ್ಚುವುದೇ ಎಂದು ಕೇಳಿದಳು. ಈಗ ಅವಳ ದಿಂಬಿನ ಕೆಳಗೆ ಆರು ಕಡ್ಡಿ ಇವೆ. ಹುಳಿ ಅಂದರೆ ಹುಳಿ ಮಾವ, ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಖಾರ ಕಿವಿಗೆ ಹತ್ತಿತು. ಹಪ್ಪಳ ಒಂದೂ ಮುರಿದಿರಲಿಲ್ಲ, ಕರಿದರೆ ಕರುಂ ಕುರುಂ ಎಂದು ಪಕ್ಕದ ರೂಮಿನವರೂ ಬಂದರು. ಪೆಪ್ಪರ್‌ಮಿಂಟು ಮೊದಲಿನಷ್ಟೇ ಸಿಹಿ. ಮೊದಲಿನ ಹಾಗೇ ಅಂಗೈಯೆಲ್ಲ ಕೇಸರಿ ಬಣ್ಣ ಮಾಡಿಕೊಂಡೆ.

ಮಾರ್ಚಿನಲ್ಲಿ ನಾಲ್ಕು ದಿನ ಜ್ವರ ಬಂದಿತ್ತು. ಅಮ್ಮ ಹೇಳಿರಬಹುದು. ಈಗ ಏನೂ ಇಲ್ಲ. ತರಗತಿ ಚೆನ್ನಾಗಿ ನಡೆಯುತ್ತಿದೆ.

ಕಣದ ಪಕ್ಕದ ಚಕ್ಕೋತದ ಮರ ಇನ್ನೂ ಇದೆಯೇ? ಅದರ ಕಾಯಿ ಒದ್ದು ಫುಟ್‌ಬಾಲ್ ಆಡಿ ಅತ್ತೆಯ ತುಳಸಿಕಟ್ಟೆಗೆ ಗೋಲು ಹೊಡೆದದ್ದು ನೆನಪಾಯಿತು. ಅವತ್ತು ಹೊಡೆದವರು ನೀವು, ಬೈಸಿಕೊಂಡವಳು ನಾನು.

ಭುವನಾ


ಬಾಳೂರು
18-5-2025

ಚಿ. ಭುವನಾ,

ಚಕ್ಕೋತದ ಮರ ಇದೆ. ಗೋಲು ಹೊಡೆದದ್ದು ನೀನೇ. ಸಾಕ್ಷಿ ಇಲ್ಲದ ಮಾತು ಕಾಗದದಲ್ಲಿ ಬರೆಯಬಾರದು.

ಈ ಸಲ ಡಬ್ಬಿಯಲ್ಲಿ ಅರ್ಧ ಕೆಜಿ ಕಾಫಿಪುಡಿ ಇದೆ. ಮನೆ ಹಿಂದಿನ ನಮ್ಮದೇ ಗಿಡದ್ದು. ನೀನು ಸ್ಕೂಲಿನಿಂದ ಬಂದವಳು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಸಿಹಿ ಚೀಪಿ ಬೀಜ ನನ್ನ ಟೋಪಿಗೆ ಉಗಿಯುತ್ತಿದ್ದೆಯಲ್ಲ, ಅದೇ ಗಿಡಗಳು. ನಾನೇ ಒಣಗಿಸಿ, ನಾನೇ ಹುರಿದು, ನಾನೇ ಪುಡಿ ಮಾಡಿದ್ದು. ಮಧ್ಯೆ ಇನ್ನೂ ಒಂದು ಕೆಲಸ ಮಾಡಿದ್ದೇನೆ, ಅದನ್ನು ಹೇಳುವುದಿಲ್ಲ. ನಿಮ್ಮ ಅತ್ತೆ ಒಂದು ಗುಟುಕು ಕುಡಿದು ಏನಂದಳು ಎಂಬುದನ್ನೂ ಹೇಳುವುದಿಲ್ಲ. “ಆ ಮಗೀಗೆ ಇದನ್ನ ಕಳ್ಸಿದ್ರೆ ನೋಡಿ” ಎಂದು ಸೌಟು ಹಿಡಿದು ನಿಂತಿದ್ದಳು, ಅಷ್ಟು ಮಾತ್ರ ಹೇಳಬಹುದು.

ಡಬ್ಬಿ ತೆರೆದ ಕೂಡಲೇ ಬರೆ. ಕುಡಿಯುವವರೆಗೂ ಕಾಯಬೇಕಾಗುವುದಿಲ್ಲ. ನಿನ್ನ ಬೈಗುಳ ಓದಿ ನಗುವುದಕ್ಕೆಂದೇ ಜಗಲಿಯ ಮೇಲೆ ಕುರ್ಚಿ ಹಾಕಿಟ್ಟಿದ್ದೇನೆ. ಪೋಸ್ಟ್‌ಮ್ಯಾನಿಗೂ ಹೇಳಿದ್ದೇನೆ.

ನಿನ್ನ ಮಾವ
ಚನ್ನಬಸವ


ಕೊಯಮತ್ತೂರು
29-5-2025

ಮಾವನಿಗೆ ನಮಸ್ಕಾರ.

ಕಾಫಿಪುಡಿ ತಲುಪಿತು. ಪವಿತ್ರಾ ಊರಿಗೆ ಹೋಗಿದ್ದಾಳೆ, ಹಾಗಾಗಿ ಪೂರ್ತಿ ನನಗೇ. ಇಲ್ಲಿ ಕಲಿಸಿದ ಹಾಗೆ ಬಟ್ಟಲಿಗೆ ಹಾಕಿ, ನಾಲ್ಕು ನಿಮಿಷ ಬಿಟ್ಟು, ಚಮಚೆಯಲ್ಲಿ ಸೊರ್ ಎಂದು ಎಳೆದು ನೋಡಿದೆ. ನನ್ನ ವರದಿ ಹೀಗಿದೆ: ಕ್ಲೀನ್ ಕಪ್. ಯಾವ ದೋಷವೂ ಇಲ್ಲ. ಹದವಾದ ಹುಳಿ, ಒಳ್ಳೆ ಬಾಡಿ, ಅಂದರೆ ಬಾಯಿ ತುಂಬುವ ಗಟ್ಟಿತನ, ಕೊನೆಯಲ್ಲಿ ಸಣ್ಣ ಚಾಕಲೇಟ್ ಪರಿಮಳ. ನೂರಕ್ಕೆ ಎಂಬತ್ತೆರಡು. ನೀವು ಗುಟ್ಟಾಗಿ ಮಾಡಿದ ಕೆಲಸ ಏನೇ ಇರಲಿ, ಬಹಳ ಚೆನ್ನಾಗಿ ಮಾಡಿದ್ದೀರಿ.

ಅತ್ತೆ ಸುಮ್ಮನೆ ಸೌಟು ಹಿಡಿದಿರಬೇಕು.

ಭುವನಾ


ಬಾಳೂರು
6-6-2025

ಭುವನಾ,

ಐದು ದಿನ ಆ ಕಾಫಿ ಬೀಜವನ್ನು ಹೆಚ್ಚಿಟ್ಟ ಬಕ್ಕೆ ಹಲಸಿನಹಣ್ಣಿನ ಜೊತೆ ಡ್ರಮ್ಮಿಗೆ ಹಾಕಿ ಮುಚ್ಚಿಟ್ಟಿದ್ದೆ. ಹುರಿದು ಪುಡಿ ಮಾಡಿದ ಮೇಲೆ ಮತ್ತೆ ಎರಡು ದಿನ. ಕಾಫಿ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಎಳೆದುಕೊಳ್ಳುತ್ತದೆ, ಅದಕ್ಕೇ ಗೋಡೌನಿನಲ್ಲಿ ಮೆಣಸಿನ ಚೀಲದ ಹತ್ತಿರ ಇಡುವುದಿಲ್ಲ ಎಂದು ನಿನಗೆ ಜಡೆ ಹಾಕುವಷ್ಟು ಕೂದಲಿಲ್ಲದ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದೆ. ನಿಮ್ಮ ಅತ್ತೆ ಉಗಿದು, “ಇದು ಕಾಫಿನಾ, ಹಲಸಿನ ಕಡುಬಾ?” ಎಂದಳು. ಜಾಹಿದ್ ಜೀಪಿನ ಬಾಗಿಲು ತೆರೆಯುವ ಮೊದಲೇ ಮೂಗು ಮುಚ್ಚಿಕೊಂಡ.

ನೀನು ಚಾಕಲೇಟ್ ಎಂದು ಬರೆದಿದ್ದೀಯ.

ಡಬ್ಬಿಯನ್ನು ತೆರೆಯಲೇ ಇಲ್ಲ, ಅಲ್ಲವೇ? ಯಾವುದೋ ಪುಸ್ತಕದಿಂದ ನಾಲ್ಕು ಸಾಲು ಇಳಿಸಿ, ಮುದುಕನಿಗೆ ಇಷ್ಟು ಸಾಕು ಎಂದು ಅಂಚೆಗೆ ಹಾಕಿದ್ದೀಯ. ಕಾಫಿ ಬೇಡದಿದ್ದರೆ ಬೇಡ ಎನ್ನಬಹುದಿತ್ತು. ಕುರ್ಚಿ ಒಳಗೆ ತಂದಿಟ್ಟಿದ್ದೇನೆ.

ಚನ್ನಬಸವ


ಕೊಯಮತ್ತೂರು
28-6-2025

ಮಾವ,

ಎರಡು ವಾರದಿಂದ ಈ ಕಾಗದ ಬರೆದು ಹರಿದು ಹಾಕುತ್ತಿದ್ದೇನೆ.

ಡಬ್ಬಿ ತೆರೆದೆ. ಒಂದು ತೊಟ್ಟನ್ನೂ ಚೆಲ್ಲದೆ ಹತ್ತು ದಿನ ಕುಡಿದೆ. ಬಿಸಿ ಇತ್ತು, ಕಹಿ ಇತ್ತು. ಬೇರೆ ಏನೂ ಇರಲಿಲ್ಲ. ಮಾರ್ಚಿನ ಜ್ವರ ಬಿಟ್ಟ ಬೆಳಿಗ್ಗೆಯಿಂದ ನನಗೆ ಯಾವ ವಾಸನೆಯೂ ಇಲ್ಲ. ಸೋಪಿಲ್ಲ, ಸೀಮೆಎಣ್ಣೆಯಿಲ್ಲ, ಮಲ್ಲಿಗೆಯಿಲ್ಲ. ನಾಲಗೆಗೆ ಹುಳಿ, ಸಿಹಿ, ಉಪ್ಪು, ಕಹಿ ಗೊತ್ತಾಗುತ್ತದೆ, ಅಷ್ಟೇ. ನಿಮ್ಮ ಚಿಗಳಿಯಲ್ಲಿ ಜೀರಿಗೆ ಎಲ್ಲಿ ಎಂದು ಹುಡುಕುತ್ತ ಒಂದು ಕಡ್ಡಿ ಪೂರ್ತಿ ಚೀಪಿದೆ. ಸಿಗಲಿಲ್ಲ.

ತರಗತಿಯಲ್ಲಿ ಪವಿತ್ರಾಳ ಮುಖ ನೋಡಿ ಅಂಕ ಹಾಕುತ್ತೇನೆ. ಅವಳ ಹುಬ್ಬು ಗಂಟಾದರೆ ಕಡಿಮೆ, ತಲೆ ಆಡಿದರೆ ಜಾಸ್ತಿ. ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಕೋಣೆ. ಡಾಕ್ಟರು, “ಬರಬಹುದು, ಯಾವಾಗ ಅಂತ ಹೇಳಕ್ಕಾಗಲ್ಲ. ಕೆಲವು ಸಲ ಇಲ್ಲದ ವಾಸನೇನ ಮನಸ್ಸೇ ತೋರಿಸುತ್ತೆ, ಹುಷಾರು” ಎಂದಿದ್ದಾರೆ.

ಪರೀಕ್ಷೆಗೆ ಹೆಸರು ಕೊಡಲು ಆಗಸ್ಟ್ 4 ಕೊನೆಯ ದಿನ. ನಾನು ಕೊಡುವುದಿಲ್ಲ. ಕೋರ್ಸ್ ಬಿಡುತ್ತೇನೆಂದು ಅರ್ಜಿ ಬರೆದು ಪುಸ್ತಕದ ಮಧ್ಯೆ ಇಟ್ಟಿದ್ದೇನೆ. ಅಮ್ಮನಿಗೆ ಹೇಳಬೇಡಿ. ನಿಮಗೂ ಹೇಳುತ್ತಿರಲಿಲ್ಲ. ಸಂತೆಯಲ್ಲಿ ನಿಂತು ಆ ಮೂಗನ್ನು ನಾನು ತಯಾರು ಮಾಡಿದ್ದು ಎನ್ನುತ್ತೀರಲ್ಲ, ಅದು ಹಾಳಾಯಿತೆಂದು ಹೇಗೆ ಬರೆಯಲಿ?

ಭುವನಾ


ಬಾಳೂರು
4-7-2025

ಪುಟ್ಟಿ,

ನಿನ್ನ ಕಾಗದ ಮೂರು ಸಲ ಓದಿದೆ. ನನ್ನ ಹಿಂದಿನ ಕಾಗದವನ್ನು ಹರಿದು ಹಾಕು. ಇದನ್ನು ಓದಿ ಒಲೆಗೆ ಹಾಕು. ಹಾಸ್ಟೆಲಿನಲ್ಲಿ ಒಲೆ ಇಲ್ಲದಿದ್ದರೆ ನುಂಗು.

ನನಗೆ ವಾಸನೆ ಗೊತ್ತಾಗುವುದಿಲ್ಲ. ಹದಿನೆಂಟು ವರ್ಷವಾಯಿತು.

ಮೆಣಸಿನ ಏಣಿಯಿಂದ ಬೆಕ್ಕಿನ ಹಾಗೆ ಹಾರಿದೆ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜವಾಗಿ ತೆಂಗಿನಕಾಯಿಯ ಹಾಗೆ ಬಿದ್ದೆ, ತಲೆಯ ಹಿಂಭಾಗ ಮೊದಲು. ಮಾರನೇ ದಿನ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಚೊಂಯ್ ಸದ್ದು ಬಂತು, ವಾಸನೆ ಬರಲಿಲ್ಲ. ನೆಗಡಿ ಎಂದುಕೊಂಡೆ. ಆ ನೆಗಡಿ ಹೋಗಲೇ ಇಲ್ಲ.

ಅದು ಹಣ್ಣು ಕೊಯ್ಯುವ ಕಾಲ. ಟ್ಯಾಂಕು ತುಂಬಿತ್ತು. ಚನ್ನಬಸವನ ಮೂಗಿಲ್ಲದೆ ನೀರು ಬಿಡುವ ಹಾಗಿಲ್ಲ ಎಂದು ಆಳುಗಳು ಕಾಯುತ್ತಿದ್ದರು. ನೀನು ಆಗ ನಮ್ಮ ಮನೆಯಿಂದಲೇ ಸ್ಕೂಲಿಗೆ ಹೋಗುತ್ತಿದ್ದೆ, ಏಳು ವರ್ಷ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಟ್ಯಾಂಕಿನ ಮೇಲೆ ಬಗ್ಗಿಸಿ, “ಇವತ್ತು ಎಂಥ ವಾಸನೆ ಪುಟ್ಟಿ?” ಎಂದು ಕೇಳಿದೆ. ನೀನು “ಬಾಳೆಹಣ್ಣು” ಎಂದೆ. ಹಾಗಾದರೆ ಇನ್ನೂ ಹೊತ್ತಿದೆ. ಎರಡು ಗಂಟೆ ಬಿಟ್ಟು ಕೇಳಿದರೆ “ಮಜ್ಜಿಗೆ” ಎಂದೆ. ನಾನು ಎದೆಯುಬ್ಬಿಸಿ ಕೂಗಿದೆ, “ನೀರು ಬಿಡ್ರೋ, ಹದ ಬಂತು.”

ನಾಲ್ಕು ಸುಗ್ಗಿ ಹೀಗೆಯೇ ನಡೆಯಿತು. ಕಣ್ಣು ಕಟ್ಟುವ ಆಟ ನಿನಗೆ ಅಭ್ಯಾಸ ತಪ್ಪದಿರಲೆಂದು. ಕಿತ್ತಳೆ ಪೆಪ್ಪರ್‌ಮಿಂಟು ನಿನ್ನ ಸಂಬಳ. ನೀನು ಹೋದ ಮೇಲೆ ಬೀಜವನ್ನು ಅಂಗೈಯಲ್ಲಿ ಉಜ್ಜಿ, ಗರಗರ ಎಂದರೆ ಹದ ಎಂದು ಕಲಿತೆ. ಆದರೂ ಮೊದಲು ಟ್ಯಾಂಕಿನ ಮೇಲೆ ಬಗ್ಗಿ ಕಣ್ಣು ಮುಚ್ಚಿ ಉಸಿರೆಳೆಯುವ ನಾಟಕ ಬಿಡಲಿಲ್ಲ. ಚೆನ್ನಾಗಿಯೇ ಮಾಡುತ್ತಿದ್ದೆ ಅನ್ನು.

ಊರು ಹೊಗಳಿದ್ದು ನಿನ್ನ ಮೂಗನ್ನು. ನಾನು ಅದನ್ನು ಹೊತ್ತುಕೊಂಡಿದ್ದ ಹೆಗಲು. ನಿಮ್ಮ ಅತ್ತೆಗೂ ಇದು ಗೊತ್ತಿಲ್ಲ. ಅವಳ ಮುಂದೆ ಈ ಮರ್ಯಾದೆ ಒಂದು ಉಳಿದಿದೆ, ಉಳಿಸು.

ಈಗ ಕೆಲಸದ ಮಾತು. ಯಾರದೋ ವಿಷಯ ಎನ್ನುವ ಹಾಗೆ ಇಲ್ಲಿನ ಡಾಕ್ಟರನ್ನು ಕೇಳಿದೆ. ತಲೆಗೆ ಏಟು ಬಿದ್ದು ಹೋದದ್ದು ಇಷ್ಟು ವರ್ಷದ ಮೇಲೆ ಕಷ್ಟವಂತೆ, ಜ್ವರಕ್ಕೆ ಹೋದದ್ದು ಬಹಳ ಜನಕ್ಕೆ ವಾಪಸ್ ಬರುತ್ತದಂತೆ. ದಿನಾ ಎರಡು ಹೊತ್ತು ಪರಿಚಯದ ವಾಸನೆಗಳನ್ನು ಒಂದೊಂದಾಗಿ ಮೂಸಬೇಕು, ಮೂಸುವಾಗ ಅದನ್ನೇ ನೆನೆಯಬೇಕು. ಇದಕ್ಕೆ ಅವರು ಏನೋ ಇಂಗ್ಲಿಷ್ ಹೆಸರು ಹೇಳಿದರು. ನಮ್ಮ ಆಟಕ್ಕೆ ಇಂಗ್ಲಿಷ್ ಹೆಸರು ಬೇರೆ.

ಎಂಟು ಗಂಟು ಕಳಿಸಿದ್ದೇನೆ, ಅತ್ತೆಯ ಹಳೆ ಸೀರೆಯಲ್ಲಿ ಕಟ್ಟಿದ್ದು. ಅವಳಿಗೆ ಗೊತ್ತಾಗದ ಹಾಗೆ ಅಟ್ಟ ಹತ್ತಿ ಡಬ್ಬಿಗಳಿಂದ ತೆಗೆದೆ. ಒಂದೊಂದಕ್ಕೂ ಚೀಟಿ ಇದೆ: ಮೆಣಸು, ಏಲಕ್ಕಿ, ಲೋಬಾನ. ನಾಲ್ಕರಲ್ಲಿ ಒಣಶುಂಠಿ. ಐದನೆಯದು ಜಾಹಿದನ ಜೀಪಿನ ಬಟ್ಟೆ, ಕೇಳಿದ್ದಕ್ಕೆ ವಿಚಿತ್ರವಾಗಿ ನೋಡಿ ಕೊಟ್ಟ. ಆರು ಲವಂಗ, ಏಳು ಒಣಗಿದ ಕಿತ್ತಳೆ ಸಿಪ್ಪೆ, ಎಂಟು ನಮ್ಮ ಕಾಫಿ, ಹಲಸಿಲ್ಲದ್ದು. ಅರ್ಜಿ ಪುಸ್ತಕದಲ್ಲೇ ಇರಲಿ. ಆಗಸ್ಟ್ 4 ಇನ್ನೂ ಬಂದಿಲ್ಲ.

ನಿನ್ನ ಮಾವ


ಕೊಯಮತ್ತೂರು
22-7-2025

ಮಾವ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ.

ನಿಮ್ಮ ಕಾಗದ ಓದಿ ಮೊದಲು ಅತ್ತುಬಿಟ್ಟೆ, ಆಮೇಲೆ ನಕ್ಕೆ, ಆಮೇಲೆ ನಾಲ್ಕು ವರ್ಷದ ಸಂಬಳದಲ್ಲಿ ಎಷ್ಟು ಪೆಪ್ಪರ್‌ಮಿಂಟು ಬಾಕಿ ಇದೆ ಎಂದು ಯೋಚಿಸಿದೆ. ಮಾರನೇ ದಿನವೇ ಶುರು ಮಾಡಿದೆ. ಬೆಳಿಗ್ಗೆ ಎಂಟು ಗಂಟು, ಸಂಜೆ ಎಂಟು ಗಂಟು. ಹನ್ನೆರಡು ದಿನ ಬಟ್ಟೆ ಮೂಸಿದಂತೆ, ಅಷ್ಟೇ.

ಇವತ್ತು ಬೆಳಿಗ್ಗೆ ಏಳನೇ ಗಂಟು ಹಿಡಿದು, ಕಣ್ಣು ಮುಚ್ಚಿ, ಕಿತ್ತಳೆ ಕಿತ್ತಳೆ ಎಂದು ನೆನೆಯುತ್ತ ಕುಳಿತಿದ್ದೆ. ನೀವು ಸಿಪ್ಪೆ ಹಿಂಡಿ ನನ್ನ ಕಣ್ಣಿಗೆ ಹಾರಿಸುತ್ತಿದ್ದದ್ದು ನೆನಪಾಯಿತು. ಆಗ ಏನೋ ಬಂತು. ದೂರದಿಂದ, ಯಾರೋ ಪಕ್ಕದ ಮನೆಯಲ್ಲಿ ಕೂಗಿದ ಹಾಗೆ. ಆದರೆ ಮಾವ, ಅದು ಕಿತ್ತಳೆ ಅಲ್ಲ. ಕಿತ್ತಳೆಗೆ ಆ ಚುರುಕು, ಆ ಹಸಿ ಎಲೆಯಂಥ ಕಹಿ ಇಲ್ಲ. ನನಗೆ ನೆನಪಾದದ್ದು ಅತ್ತೆಯ ಹೇರಳೆಕಾಯಿ ಚಿತ್ರಾನ್ನ. ಗಂಟು ಬಿಚ್ಚಿ ನೋಡಿದೆ, ಕಪ್ಪಗೆ ಒಣಗಿದ ಚೂರುಗಳು, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಪವಿತ್ರಾಳನ್ನು ಕೇಳಿದರೆ, “ಯಾವುದೋ ಹುಳಿಹಣ್ಣಿನ ಸಿಪ್ಪೆ, ಚೀಟಿಯಲ್ಲಿ ಕಿತ್ತಳೆ ಅಂತ ಇದೆಯಲ್ಲ” ಎನ್ನುತ್ತಾಳೆ.

ಒಳಗೆ ನಿಜವಾಗಿ ಕಿತ್ತಳೆ ಇದ್ದರೆ, ಡಾಕ್ಟರು ಹೇಳಿದ ಹಾಗೆ ಇದು ಮನಸ್ಸಿನ ಆಟ. ಅರ್ಜಿ ಕೊಟ್ಟು ಬರುತ್ತೇನೆ. ಹೇರಳೆ ಇದ್ದರೆ ಮೂಗಿನ ಬಾಗಿಲು ಒಂದು ಬೆರಳಿನಷ್ಟು ತೆರೆದಿದೆ.

ಫೋನಿನಲ್ಲಿ ಕೇಳುತ್ತಿಲ್ಲ. ಫೋನಿನಲ್ಲಿ ಕೇಳಿದರೆ ನನ್ನ ಖುಷಿಗೆ ಆ ಕ್ಷಣವೇ “ಬೇಕಂತಲೇ ಹಾಕಿದ್ದೆ ಮಾರಾಯ್ತಿ” ಎನ್ನುತ್ತೀರಿ. ಕಾಗದದಲ್ಲಾದರೆ ನೀವು ಒಂದಲ್ಲ ಒಂದು ಸಾಲು ನಿಜ ಬರೆಯುತ್ತೀರಿ. ಆ ಸಾಲು ನನಗೆ ಆಗಸ್ಟ್ 4ರೊಳಗೆ ಬೇಕು.

ಭುವನಾ


ಬಾಳೂರು
27-7-2025

ಚಿ. ಭುವನಾ,

ಬೇಕಂತಲೇ ಹಾಕಿದ್ದೆ ಮಾರಾಯ್ತಿ.

ಮೇಲಿನ ಸಾಲಿಗೆ ಗೀಟು ಹಾಕಿದ್ದೇನೆ ಎಂದುಕೋ. ಬರೆದದ್ದು ಅಭ್ಯಾಸಬಲದಿಂದ. ಈಗ ನಡೆದದ್ದು ಕೇಳು.

ನಿನ್ನ ಕಾಗದ ನಿನ್ನೆ ಹನ್ನೊಂದಕ್ಕೆ ಬಂತು. ಓದಿದವನೇ ಅಟ್ಟ ಹತ್ತಿ ಆ ಡಬ್ಬಿ ಇಳಿಸಿದೆ. ಬಿಸಿಲಿಗೆ ಹಿಡಿದು ನೋಡಿದೆ, ನಾಲಗೆಗೆ ಇಟ್ಟು ನೋಡಿದೆ, ಕಹಿ. ಒಣಗಿದ ಮೇಲೆ ಎರಡೂ ಕಹಿಯೇ. ಮೂಗಿನ ಹತ್ತಿರ ಹಿಡಿದು, ಹದಿನೆಂಟು ವರ್ಷದ ನಾಟಕ ಬಿಟ್ಟು, ನಿಜವಾಗಿಯೇ ಮೂಸಿದೆ. ಗೋಡೆ ಮೂಸಿದ ಹಾಗಿತ್ತು. ಜಾಹಿದನ ಹತ್ತಿರ ಹೋಗೋಣವೆಂದು ಗೇಟಿನವರೆಗೆ ನಡೆದೆ. ಅವನು ಜೀಪಿನಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದಿದ್ದ ಮೂಗು ಒಂದೇ, ಅದು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿತ್ತು.

“ಇದೆಂಥ ಸಿಪ್ಪೆ ನೋಡೇ” ಎಂದೆ.

“ಕೈ ಒದ್ದೆ ಇದೆ. ನೀವೇ ಮೂಸಿ ನೋಡಿ.”

“ನೀನು ನೋಡೇ ಅಂದ್ರೆ.”

“ಇಡೀ ಎಸ್ಟೇಟಿಗೆ ಮೂಗಾಗಿದ್ದೋರು ನೀವು. ಒಂದು ಸಿಪ್ಪೆಗೆ ನಾನು ಬೇಕಾ?”

ಅಲ್ಲಿ ನಿಂತು ಎರಡು ಸುಳ್ಳು ಯೋಚಿಸಿದೆ. ಎರಡೂ ಚೆನ್ನಾಗಿದ್ದವು. ನಿನ್ನ ಕಾಗದ ಜೇಬಿನಲ್ಲಿತ್ತು.

“ನಂಗೆ ಗೊತ್ತಾಗಲ್ಲ ಕಣೇ ವಿಶಾಲಾಕ್ಷಿ,” ಎಂದೆ. “ಏಣಿಯಿಂದ ಬಿದ್ದಾಗಿಂದ ಯಾವ ವಾಸನೆಯೂ ಗೊತ್ತಾಗಲ್ಲ.”

ಅವಳು ಕೈ ಒರೆಸಿಕೊಂಡು ಬಂದು, ಡಬ್ಬಿಗೆ ಬಗ್ಗಿ, “ಹೇರಳೆದು,” ಎಂದಳು. “ಕಿತ್ತಳೆ ಸಿಪ್ಪೆ ಖಾಲಿಯಾಗಿ ಯುಗಾದಿಗೇ ಆಯ್ತು.” ಮತ್ತೆ ಹೋಗಿ ಅಕ್ಕಿ ತೊಳೆದಳು.

ಹೇರಳೆ, ಭುವನಾ. ಏಳನೇ ಗಂಟಿನಲ್ಲಿ ಇರುವುದು ಹೇರಳೆ. ನನಗೆ ಗೊತ್ತಿರಲಿಲ್ಲ, ಚೀಟಿಗೆ ಗೊತ್ತಿರಲಿಲ್ಲ, ಪವಿತ್ರಾಳಿಗೆ ಗೊತ್ತಿರಲಿಲ್ಲ. ನಿನ್ನ ಮೂಗಿಗೆ ಮಾತ್ರ ಗೊತ್ತಿತ್ತು. ನಾನು ಡಬ್ಬಿ ಹಿಡಿದು ಕಣಕ್ಕೆ ಹೋಗಿ ಏನು ಮಾಡಿದೆ ಎಂದು ಬರೆಯುವುದಿಲ್ಲ. ಅರವತ್ತೆರಡು ವರ್ಷದವರು ಮಾಡುವಂಥದ್ದಲ್ಲ. ಚಕ್ಕೋತದ ಕಾಯಿ ಒಂದು ಕೆಳಗೆ ಬಿದ್ದಿತ್ತು, ತುಳಸಿಕಟ್ಟೆಗೆ ತಾಗಿತು, ಅಷ್ಟು ಹೇಳಬಹುದು. ಈ ಸಲ ಬೈಸಿಕೊಂಡವನೂ ನಾನೇ.

ಅರ್ಜಿ ಹರಿ. ಹೆಸರು ಕೊಡು. ಈ ಸಲ ಆಗದಿದ್ದರೆ ಮುಂದಿನ ಸಲ, ಬೆರಳಿನಷ್ಟು ತೆರೆದ ಬಾಗಿಲು ಮುಚ್ಚಲು ಬಿಡಬೇಡ. ನಿನ್ನ ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳು. ನಿನ್ನೆ ಹೇಳಿ ನೋಡಿದೆ, ಅಂಥದ್ದೇನೂ ಆಗುವುದಿಲ್ಲ, ಅಕ್ಕಿ ತೊಳೆಯುವವರು ತೊಳೆಯುತ್ತಲೇ ಇರುತ್ತಾರೆ. ಪರೀಕ್ಷೆ ಮುಗಿಸಿ ಬಾ. ಈ ಸಲ ಕಣದಲ್ಲಿ ನಾನು ಕಣ್ಣು ಕಟ್ಟಿಕೊಂಡು ಕೂರುತ್ತೇನೆ. ನೀನು ಒಂದೊಂದೇ ಹಿಡಿದು, ಅದು ಹೇಗಿದೆ ಎಂದು ನನಗೆ ಹೇಳು. ಏಲಕ್ಕಿ ಹೇಗಿತ್ತೆಂಬುದು ನನಗೆ ಪೂರ್ತಿ ಮರೆತಿದೆ.

ನಿನ್ನ ಮಾವ
ಚನ್ನಬಸವ

ಭುವನಾ, ಇವರು ಮಡಿಸುವ ಮೊದಲೇ ಕಿತ್ತುಕೊಂಡು ಬರೆಯುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ ಹಾಲು ಚೂರು ಸೀದರೆ ಗೇಟಿನಿಂದಲೇ ಕೂಗುತ್ತಿದ್ದವರು, ಏಣಿಯಿಂದ ಬಿದ್ದ ವಾರ ತಳ ಹಿಡಿದ ಹಾಲಿನ ಕಾಫಿ ಕುಡಿದು “ಘಮ್ ಅಂತಿದೆ” ಎಂದರು. ನನಗೆ ಅವತ್ತೇ ಗೊತ್ತಾಯಿತು. ಬೆಳಿಗ್ಗೆ ನಿನ್ನನ್ನು ಎತ್ತಿಕೊಂಡು ಟ್ಯಾಂಕಿಗೆ ಹೊರಟಾಗ ಯಾಕೆಂದೂ ಗೊತ್ತಿತ್ತು. ಚಳಿಗೆ ನಿನ್ನ ತಲೆಗೆ ಟೋಪಿ ಹಾಕಿ ಕಳಿಸುತ್ತಿದ್ದವಳು ನಾನೇ ತಾನೇ? ಅಷ್ಟು ಖುಷಿಯಾಗಿ ಹೋಗುವವರನ್ನು ಏನೆಂದು ನಿಲ್ಲಿಸಲಿ.

ಬೇಗ ಬಾ. ಹೇರಳೆಕಾಯಿ ಚಿತ್ರಾನ್ನ ಮಾಡುತ್ತೇನೆ, ಹೇಗಿದೆ ಅಂತ ನೀನು ಹೇಳು. ಇವರ ಹೊಗಳಿಕೆ ಕೇಳಿ ಕೇಳಿ ಹದಿನೆಂಟು ವರ್ಷದಿಂದ ನನಗೆ ನನ್ನ ಅಡುಗೆಯ ಮೇಲೇ ಅನುಮಾನ.

ವಿಶಾಲಾಕ್ಷಮ್ಮ